ಎಡಗಾಲಿನ ಸಣ್ಣ ಸುತ್ತು

ಕಬ್ಬಿನ ಲಾರಿ ಹಾದ ಗಾಳಿಗೆ ವೇಲು ಹಾರಿ ಮುಖಕ್ಕೆ ಬಡಿಯಿತು, ಐಶ್ವರ್ಯ ಸೈಕಲ್ಲಿನ ಹ್ಯಾಂಡಲ್ ಬಿಡಲಿಲ್ಲ, ಬಿಟ್ಟರೆ ಪಕ್ಕದಲ್ಲೇ ಕಾಲುವೆ, ಮೊನ್ನೆ ಬಿದ್ದದ್ದು ಸಾಕು — ಮೊನ್ನೆ ಸೀಟು ಎತ್ತಿಸಿದ್ದು ಅವಳದೇ ಬುದ್ಧಿ, ಎತ್ತರ ಕೂತರೆ ಎಡಮಂಡಿ ಅಷ್ಟು ಮಡಚುವುದು ಬೇಕಿಲ್ಲ, ಲೆಕ್ಕ ಸರಿಯೇ ಇತ್ತು, ನಿಲ್ಲಿಸುವಾಗ ಕಾಲಿಗೆ ನೆಲ ಸಿಗಬೇಕು ಅನ್ನುವುದೊಂದು ಮರೆತಿತ್ತು, ದಂಡೆಯ ಮುಳ್ಳಿನ ಮೇಲೆ ಬಿದ್ದಳು, ಗದ್ದೆಯ ಹೆಂಗಸರು ನಾಟಿ ಬಿಟ್ಟು ನಕ್ಕರು, ಯವ್ವಾ ಈಕಿಗೆ ಸೈಕಲ್ ಬ್ಯಾಡ, ಏಣಿ ಕೊಡ್ರಿ — ನಗಲಿ. ಇವತ್ತು ಸೀಟು ಮೊದಲಿನಷ್ಟೇ ಕೆಳಗಿದೆ, ಬದಲಾಗಿದ್ದು ಎಡ ಪೆಡಲನ್ನು ಹಿಡಿದು ತಿರುಗುವ ಕಬ್ಬಿಣದ ತೋಳು, ಕ್ರ್ಯಾಂಕು, ಸೈಕಲ್ ಅಂಗಡಿಯ ಗುಡ್ಡಪ್ಪನ ಗುಜರಿಯಲ್ಲಿದ್ದ ಮಕ್ಕಳ ಸೈಕಲ್ಲಿನದು, ಮೂರು ಬೆರಳು ಗಿಡ್ಡ, ಸುತ್ತು ಸಣ್ಣದಾದಷ್ಟು ಮಂಡಿ ಮಡಚುವುದೂ ಕಡಿಮೆ, ಪಿನ್ನು ಉಜ್ಜಿ ಕೂರಿಸುತ್ತ ಅವನು ಗೊಣಗಿದ್ದೇ ಗೊಣಗಿದ್ದು, ಒಂದು ದೊಡ್ಡದು ಒಂದು ಸಣ್ಣದು, ಹಿಂಗ ಯಾರ ಹಾಕಿಸ್ತಾರವ್ವ, ನನ್ನ ಅಂಗಡಿ ಹೆಸರು ಹೇಳಬ್ಯಾಡ ಯಾರ ಮುಂದೂ — ನನ್ನ ಕಾಲೇ ಹಂಗ ಅದಾವಲ್ಲ ಕಾಕಾ, ಹಾಕ್ರಿ. ಕಾಲು ಹೀಗಾದದ್ದು ಅಣ್ಣ ಮಹಾಂತೇಶನ ಬೈಕು ಜಾರಿದಾಗ, ಅವನ ಅಂಗಿ ಸಹ ಹರಿಯಲಿಲ್ಲ, ಹಿಂದೆ ಕೂತಿದ್ದ ಅವಳ ಮಂಡಿ ಮುರಿಯಿತು, ಕೂಡಿಸಿದ ಡಾಕ್ಟರು ಇನ್ನು ಇಷ್ಟೇ ಮಡಚುತ್ತದೆ ಅಂದರು, ಅಂದಿನಿಂದ ದಿನಾ ಅದೇ ಬೈಕಿನ ಹಿಂದೆ ಕೂತು ಅಕ್ಕಿ ಮಿಲ್ಲಿಗೆ, ಮೂಟೆಯ ಹಾಗೆ — ನಾಳೆಯಿಂದ ಅವನಿಗೆ ದೋಣಿಮಲೈಯ ಗಣಿಯಲ್ಲಿ ಕೆಲಸ, ಅಲ್ಲೇ ರೂಮು, ಇನ್ನ ನಿನ್ನ ಬಿಡೋರು ಯಾರಲೇ, ಮಿಲ್ಲಿನ ಕೆಲಸ ಬಿಟ್ಟು ಮನ್ಯಾಗ ಇರು ಅಂದ, ಅವ್ವನೂ ತಲೆಯಾಡಿಸಿದಳು, ಐಶ್ವರ್ಯ ಒಬ್ಬಳು ಆಡಿಸಲಿಲ್ಲ. ಈಗಲೂ ಹಿಂದೆ ಅವನೇ, ಫಸ್ಟ್ ಗೇರಿನಲ್ಲಿ ಗುರುಗುಡುತ್ತ, ಇಳೀಲೇ, ಮುಂದ ಬ್ರಿಡ್ಜು ಐತಿ, ಹತ್ತಾಕ ಆಗಂಗಿಲ್ಲ ನಿನಗ — ನೀ ಮುಂದ ನಡಿ ಅಣ್ಣ, ನಿನ್ನ ಬೈಕಿನ ಸದ್ದು ಭಾಳ ಆತು — ಮಾತಾಡಿದರೆ ಉಸಿರು ಹೋಗುತ್ತದೆ, ಮಾತು ಬೇಡ, ಏರು ಶುರುವಾಯಿತು, ಗಿಡ್ಡ ಕ್ರ್ಯಾಂಕಿಗೆ ಬಲ ಸಾಲದು, ಅದು ಗೊತ್ತಿದ್ದದ್ದೇ, ಬಲಗಾಲು ಎರಡರ ಕೆಲಸ ಮಾಡಲಿ, ಎಡಗಾಲು ಅಡ್ಡ ಬರದಿದ್ದರೆ ಸಾಕು, ಸೈಕಲ್ಲು ಕುಂಟುತ್ತದೆ, ಕುಂಟಲಿ, ಏರುತ್ತಿದೆಯಲ್ಲ, ಬಲಕ್ಕೆ ದೊಡ್ಡ ಸುತ್ತು, ಎಡಕ್ಕೆ ಸಣ್ಣದು, ಎಡಮಂಡಿ ಮೇಲೆ ಬರುತ್ತದೆ, ಬಿಗಿಯುತ್ತದೆ, ಇನ್ನು ಮಡಚಲಾರೆ ಅನ್ನುವುದಕ್ಕೆ ಕೂದಲೆಳೆಯಷ್ಟು ಮೊದಲೇ ಪೆಡಲು ಹೊರಳುತ್ತದೆ, ಹಿಂದೆ ಬೈಕಿನ ಸದ್ದು ನಿಂತಿದೆ, ತಿರುಗಿ ನೋಡುವುದಿಲ್ಲ, ಮಂಡಿ, ತುದಿ, ಹೊರಳು, ಮಂಡಿ, ತುದಿ — ತುದಿ — ಏರು ದಾಟಿತು.