ಗೆದ್ದದ್ದು ಹಲಗೆಯಂತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಲಿ. ನಮ್ಮ ದೊಡ್ಡಪ್ಪ ಶಿವಮೂರ್ತಪ್ಪನವರಂತೆ ನಗುನಗುತ್ತ, ಬೆನ್ನು ತಟ್ಟುತ್ತ, "ಕೂಡ್ರಿ, ಚಾ ಕುಡೀರಿ" ಎನ್ನುತ್ತ ಅನ್ಯಾಯ ಮಾಡುವುದಕ್ಕಿಂತ ಅದು ವಾಸಿ. ಈ ಸಲ ಮಾತ್ರ ಸಿಟ್ಟಿನ ಅರ್ಧಪಾಲು ನನ್ನ ಮೇಲೆಯೇ ಬಂದಿದೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನನ್ನ ಹೆಸರು ನಯನಾ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲಸ. ವಾರವೆಲ್ಲ ಅಳತೆ, ತಪ್ಪು, ರಿಜೆಕ್ಟ್. ಭಾನುವಾರ ಬೆಳಿಗ್ಗೆ ಹರಿಹರದ ಹೊಳೆಗೆ ಹೋಗುತ್ತೇನೆ. ಹಿಂದೆ ಕರಾವಳಿಯಲ್ಲಿ ಎರಡು ವರ್ಷ ಕೆಲಸದಲ್ಲಿದ್ದಾಗ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿತಿದ್ದೆ. ಬರುವಾಗ ಗಾಳಿ ತುಂಬುವ ಹಲಗೆಯೊಂದನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಬೇಸಿಗೆಯಲ್ಲಿ ಒಡ್ಡಿನ ಹಿಂದೆ ತುಂಗಭದ್ರೆ ಅಲುಗಾಡದೆ ನಿಂತಿರುತ್ತಾಳೆ. ಆ ನೀರಿನಲ್ಲಿ ನಾನೊಬ್ಬಳೇ ಓಡಾಡುತ್ತಿದ್ದದ್ದನ್ನು ನೋಡಿ ಹುಡುಗಿಯರು ಬಂದರು. ಹಾಗೆ ಒಂದು ಕ್ಲಬ್ ಆಯಿತು.

ಅವರಲ್ಲಿ ಇಬ್ಬರ ವಿಷಯ ಹೇಳಬೇಕು. ಬಿಂದು ಕಡರನಾಯಕನಹಳ್ಳಿಯ ಮಲ್ಲೇಶಪ್ಪನವರ ಮಗಳು. ಮನೆಯಲ್ಲಿ ಭತ್ತದ ಗದ್ದೆ, ಎರಡು ಎಮ್ಮೆ. ಹಾಲು ಕರೆದಿಟ್ಟು ಸೈಕಲ್ ತುಳಿದುಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಾಳೆ. ಮಾತು ಕಡಿಮೆ. ಪೂಜಾ ದೊಡ್ಡಪ್ಪನ ಮೊಮ್ಮಗಳು, ದಾವಣಗೆರೆಯಿಂದ ಕಾರಿನಲ್ಲಿ ಬರುತ್ತಾಳೆ. ಒಳ್ಳೆಯ ಹುಡುಗಿಯೇ. ಬಿದ್ದರೆ ತಾನೇ ಮೊದಲು ನಗುತ್ತಾಳೆ. ಇಬ್ಬರಿಗೂ ಹತ್ತೊಂಬತ್ತು.

ಕರಾವಳಿಯ ಹಿನ್ನೀರಿನಲ್ಲಿ ರಾಜ್ಯಮಟ್ಟದ ಸ್ಪರ್ಧೆ ನಡೆಯುತ್ತದೆ, ಕ್ಲಬ್ಬಿಗೆ ಒಬ್ಬಳಿಗೆ ಮಾತ್ರ ಅವಕಾಶ, ಹಲಗೆ ನಾವೇ ತರಬೇಕು ಎಂಬ ಪತ್ರ ಬಂತು. ನಮ್ಮಲ್ಲಿದ್ದದ್ದು ಗಾಳಿ ಹಲಗೆ ಒಂದೇ. ಸುದ್ದಿ ಕೇಳಿದ ದೊಡ್ಡಪ್ಪ, ಬಟ್ಟೆ ವ್ಯಾಪಾರಿಯ ಧಾರಾಳದಲ್ಲಿ, ಒಂದಲ್ಲ ಎರಡು ಹೊಸ ಹಲಗೆ ತರಿಸಿಕೊಟ್ಟರು. ಅದರ ಬೆನ್ನಿಗೇ ಕ್ಲಬ್ಬಿನ ಅಧ್ಯಕ್ಷರೂ ಆದರು. ಅದು ಯಾವಾಗ ಆಯಿತು, ಯಾರು ಮಾಡಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಲಗೆಗಳು ಬಂದ ದಿನ ದೊಡ್ಡಮ್ಮ ದ್ರಾಕ್ಷಾಯಣಮ್ಮ ಹೊಳೆದಂಡೆಯಲ್ಲಿ ಪೂಜೆ ಇಟ್ಟುಕೊಂಡರು. ಹಲಗೆಯ ಮೂತಿಗೆ ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುವ ಪದ್ಧತಿ ಇದೆಯಲ್ಲ, ಇದಕ್ಕೆ ಚಕ್ರ ಇಲ್ಲ. ದೊಡ್ಡಪ್ಪ ಹಲಗೆಯ ಅಡಿಯಲ್ಲಿ ನಿಂಬೆಹಣ್ಣು ಇಟ್ಟು, ಒಡೆಯಲೆಂದು ತಾವೇ ಅದರ ಮೇಲೆ ಹತ್ತಲು ಹೊರಟರು. ತೊಂಬತ್ತು ಕಿಲೋ ಮನುಷ್ಯ, ಕೆಳಗೆ ಬಂಡೆ. "ಅಡಿಯಾಗಿನ ರೆಕ್ಕೆ ಮುರೀತದೆ, ಇಳೀರಿ ದೊಡ್ಡಪ್ಪ!" ಎಂದು ನಾನು ಕಿರುಚಿದೆ. ದೊಡ್ಡಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ಆ ಎರಡು ಹಲಗೆಗಳ ಗುಣ ಬೇರೆಬೇರೆ. ಒಂದು ಹದಿನಾಲ್ಕು ಅಡಿ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲ, ಮೂತಿ ಚೂಪು. ನಿಂತ ನೀರಿನಲ್ಲಿ ಅದು ಸೀಳಿಕೊಂಡು ಹೋಗುತ್ತದೆ. ಆದರೆ ಕಾಲಡಿ ಜಾಗವಿಲ್ಲ, ಸೊಂಟ ಚೂರು ತಪ್ಪಿದರೂ ಮಗುಚುತ್ತದೆ. ಇನ್ನೊಂದು ಹನ್ನೊಂದೂವರೆ ಅಡಿ, ಮೂವತ್ತಮೂರು ಅಂಗುಲ ಅಗಲ, ಮೂತಿ ದುಂಡು. ಅದರ ಮೇಲೆ ಜಗಲಿಯ ಮೇಲೆ ನಿಂತಂತೆ ನಿಲ್ಲಬಹುದು. ಆದರೆ ನೀರನ್ನು ಮುಂದೆ ದೂಡಿಕೊಂಡು ಹೋಗುವುದರಿಂದ ವೇಗ ಇಲ್ಲ.

ಉದ್ದನೆಯದು ಮನೆಯವರಿಗೆ ಎಂದು ದೊಡ್ಡಪ್ಪ ಮೊದಲೇ ತೀರ್ಮಾನಿಸಿದ್ದರು. ಪೂಜಾ ಅದನ್ನು ಹತ್ತಿ ಹತ್ತು ಮಾರು ಹೋಗುವಷ್ಟರಲ್ಲಿ ನೀರಿಗೆ ಬಿದ್ದಳು. ಎದ್ದಳು, ಮತ್ತೆ ಬಿದ್ದಳು.

"ಹಲ್ಗೆನೇ ಸರಿ ಇಲ್ಲ ಬಿಡ್ರಿ," ಎಂದರು ದೊಡ್ಡಮ್ಮ ದಂಡೆಯಿಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವವಳು ಪಾಪ ಸುಮ್ಮನೇ ಇದ್ದಳು, ನೋಡುವವರೇ ನೆಲವನ್ನು ಬಯ್ಯುತ್ತಿದ್ದರು. ನಾನು ಬಿಂದುವನ್ನು ಹತ್ತಿಸಿದೆ. ಅವಳು ಮೊಣಕಾಲು ಸಡಿಲ ಬಿಟ್ಟು, ಕಣ್ಣು ದೂರದಲ್ಲಿಟ್ಟು, ಊರಿಗೆ ನೀರೆತ್ತುವ ಜಾಕ್‌ವೆಲ್‌ವರೆಗೆ ಹೋಗಿ ತಿರುಗಿ ಬಂದಳು. ಒಮ್ಮೆಯೂ ಬೀಳಲಿಲ್ಲ.

ದೊಡ್ಡಪ್ಪ ಚಪ್ಪಾಳೆ ತಟ್ಟಿದರು. "ಭಾರಿ ಐತೆ ಹಲ್ಗೆ! ಹೆಂಗೆ ಓಡ್ತು ನೋಡಿದ್ರೇನು?"

ಪೂಜಾ ಬಿದ್ದರೆ ಹಲಗೆಯ ತಪ್ಪು, ಬಿಂದು ನಿಂತರೆ ಹಲಗೆಯ ಗುಣ. ಎರಡು ನಿಮಿಷದ ಅಂತರದಲ್ಲಿ, ಒಂದೇ ಹಲಗೆ! ನನ್ನ ಕಿವಿ ಬಿಸಿಯಾಯಿತು. ಅಲ್ಲೇ ಎರಡು ಮಾತು ಆಡಿಬಿಟ್ಟೆ. ದೊಡ್ಡಪ್ಪ ಬೇಸರ ಮಾಡಿಕೊಳ್ಳಲಿಲ್ಲ, ಅವರು ಎಂದೂ ಮಾಡಿಕೊಳ್ಳುವುದಿಲ್ಲ, ಅದೇ ನನಗೆ ಉರಿ. "ಯಾಕವ್ವ ಹಂಗೆ ಹಾರಾಡ್ತಿ? ನಿಂದು ಅದೇ ಕೆಲಸ ಅಲ್ಲೇನು? ಎರಡೂ ಪರೀಕ್ಷೆ ಮಾಡಿ, ಯಾವುದು ಚಲೋ ಅಂತ ಬರೆದು ಕೊಡು. ನೀ ಬರೆದಂಗೆ ಮಾಡಾನ," ಎಂದರು.

ನಾನು ಬರೆದಂತೆ! ಇದಕ್ಕಿಂತ ಏನು ಬೇಕು ಎಂದುಕೊಂಡೆ. ಅಂಕಿ ಸುಳ್ಳು ಹೇಳುವುದಿಲ್ಲ, ಕಾಗದದ ಮೇಲೆ ಬಂದರೆ ದೊಡ್ಡಪ್ಪನಿಗೂ ಬಾಯಿ ಇರುವುದಿಲ್ಲ ಎಂದು ನಂಬಿದೆ. ಕೈಯಾರೆ ಹಳ್ಳ ತೋಡಿದ್ದು ಹೀಗೆ.

ಮುಂದಿನ ಭಾನುವಾರ ಗಾಳಿ ಏಳುವ ಮೊದಲೇ ಶುರು ಮಾಡಿದೆವು. ಜಾಕ್‌ವೆಲ್‌ನಿಂದ ನಾವು ಇಳಿಯುವ ಮೆಟ್ಟಿಲವರೆಗೆ ದಂಡೆಗುಂಟ ಟೇಪ್ ಹಿಡಿದು ಐನೂರು ಮೀಟರ್ ಅಳೆದೆ. ಎರಡೂ ತುದಿಗೆ ಖಾಲಿ ಎಣ್ಣೆ ಡಬ್ಬ ತೇಲಿಬಿಟ್ಟೆ. ಇಬ್ಬರೂ ಎರಡೂ ಹಲಗೆಯ ಮೇಲೆ, ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಹುಟ್ಟು ಒಂದೇ. ನಡುವೆ ಅರ್ಧ ಗಂಟೆ ವಿಶ್ರಾಂತಿ. ಕಾರ್ಖಾನೆಯಲ್ಲಿ ಎರಡು ಲೇತ್ ಹೋಲಿಸುವಾಗ ನಾವು ಮಾಡುವುದೂ ಹೀಗೆಯೇ. ಇಬ್ಬರು ಆಪರೇಟರುಗಳನ್ನು ಎರಡೂ ಯಂತ್ರದ ಮೇಲೆ ನಿಲ್ಲಿಸಿ, ಸರಾಸರಿ ತೆಗೆದು, ಮನುಷ್ಯರ ವ್ಯತ್ಯಾಸವನ್ನು ಅಳಿಸಿಹಾಕುತ್ತೇವೆ. ಆಮೇಲೆ ಉಳಿಯುವುದು ಯಂತ್ರ ಮಾತ್ರ.

ಉದ್ದ ಹಲಗೆಯಲ್ಲಿ ಬಿಂದುವಿಗೆ ನಾಲ್ಕು ನಿಮಿಷ ಎಂಟು ಸೆಕೆಂಡು ಹಿಡಿಯಿತು, ಪೂಜಾಳಿಗೆ ಬಿದ್ದು ಎದ್ದು ಐದು ನಿಮಿಷ ಎರಡು ಸೆಕೆಂಡು. ಅಗಲದ ಹಲಗೆಯಲ್ಲಿ ಬಿಂದು ನಾಲ್ಕು ನಲವತ್ತೊಂದು, ಪೂಜಾ ನಾಲ್ಕು ಐವತ್ತೈದು. ಯಾವ ಹಲಗೆ ಕೊಟ್ಟರೂ ಬಿಂದುವೇ ಮುಂದು. ಕಣ್ಣಿರುವ ಯಾರಿಗಾದರೂ ಕಾಣುವಂಥದ್ದು.

ಪೂಜಾ ಟವೆಲ್ ಸುತ್ತಿಕೊಂಡು ನನ್ನ ಹತ್ತಿರ ಬಂದು, "ಅತ್ತೆ, ಬಿಂದುನೇ ಹೋಗ್ಲಿ. ನಂಗೆ ಆ ಉದ್ದಂದು ಕಂಡ್ರೆ ಹೆದರಿಕೆ," ಎಂದಳು. "ಅದನ್ನ ನಿಮ್ಮ ತಾತನಿಗೆ ಹೇಳು," ಎಂದೆ. ಅವಳು ಹೇಳಲಿಲ್ಲ ಅನ್ನಿಸುತ್ತದೆ. ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ.

ನಾನು ವರದಿ ಬರೆದೆ. ಹದಿನೈದು ವರ್ಷ ಕಾರ್ಖಾನೆಯಲ್ಲಿ ಬರೆದ ರೂಢಿಯಂತೆ ಬರೆದೆ. ಹುಡುಗಿಯರ ಹೆಸರು ಹಾಕಲಿಲ್ಲ, ಪಕ್ಷಪಾತ ಎನ್ನಬಾರದೆಂದು ಸವಾರ ಒಂದು, ಸವಾರ ಎರಡು ಎಂದೆ. ಇಬ್ಬರ ಹೊತ್ತನ್ನೂ ಕೂಡಿಸಿ ಸರಾಸರಿ ತೆಗೆದೆ. ಉದ್ದ ಹಲಗೆ ನಾಲ್ಕು ಮೂವತ್ತೈದು, ಅಗಲದ್ದು ನಾಲ್ಕು ನಲವತ್ತೆಂಟು. ವೇಗಕ್ಕೆ ಉದ್ದನೆಯದು, ಸ್ಥಿರತೆಗೆ ಅಗಲದ್ದು. ಕೊನೆಗೆ ಒಂದು ಸಾಲು: "ಸವಾರರ ಪ್ರಭಾವವನ್ನು ತೆಗೆದುಹಾಕಲಾಗಿದೆ." ಆ ಸಾಲು ಬರೆದಾಗ ನನಗೆ ಹೆಮ್ಮೆಯಾಗಿತ್ತು. ಮೂಲ ಅಂಕಿಗಳು ನನ್ನ ನೋಟ್‌ಬುಕ್‌ನಲ್ಲೇ ಉಳಿದವು.

ಬುಧವಾರ ಸಂಜೆ ದೊಡ್ಡಪ್ಪ ಎಲ್ಲರನ್ನೂ ದಾವಣಗೆರೆಯ ಮನೆಗೆ ಕರೆಸಿದರು. ಮಲ್ಲೇಶಪ್ಪ ಒಗೆದ ಅಂಗಿ ಹಾಕಿಕೊಂಡು ಮಗಳ ಜೊತೆ ಬಂದಿದ್ದರು. ಸೋಫಾದ ತುದಿಯಲ್ಲಿ, ಬೀಳುವ ಹಾಗೆ ಕೂತಿದ್ದರು. ಬಿಂದು ಅಪ್ಪನ ಪಕ್ಕದಲ್ಲಿ. ಪೂಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲೆ ಸ್ಪರ್ಧೆಯ ಅರ್ಜಿ, ಪಕ್ಕದಲ್ಲಿ ನನ್ನ ವರದಿ.

ದೊಡ್ಡಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಮುಗಿಸಿ, "ಆತು. ಉದ್ದ ಹಲ್ಗೆ ಗೆದ್ದಿತು. ಅದನ್ನೇ ಕಳಿಸಾನ. ಪೂಜಾ ತಗಂಡು ಹೋಗ್ತಾಳೆ," ಎಂದರು.

"ಪೂಜಾ ಯಾಕೆ?" ಎಂದೆ. ನನ್ನ ಧ್ವನಿ ಆಗಲೇ ಏರಿತ್ತು. "ಎರಡರ ಮೇಲೂ ಬಿಂದುನೇ ಮುಂದೆ ಬಂದಾಳೆ."

"ಅದು ಇದ್ರಾಗೆ ಎಲ್ಲೈತೆ ತೋರ್ಸು?" ದೊಡ್ಡಪ್ಪ ನಗುತ್ತಲೇ ಕಾಗದ ನನ್ನ ಕಡೆ ತಿರುಗಿಸಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಸವಾರರ ಪ್ರಭಾವ ತೆಗೆದು ಹಾಕೈತೆ ಅಂತ ನೀನೇ ಬರೆದೀಯ. ಅಂದ್ರೆ ಮ್ಯಾಲೆ ನಿಲ್ಲೋರು ಯಾರಾದ್ರೂ ಒಂದೇ. ಯಾರಾದ್ರೂ ಒಂದೇ ಅಂದ್ಮ್ಯಾಲೆ ನಮ್ಮ ಮನೆ ಹುಡುಗಿ ಯಾಕೆ ಬ್ಯಾಡ? ಇನ್ನೂ ಒಂದು ತಿಂಗಳೈತೆ, ಕಲೀತಾಳೆ. ತಪ್ಪಾ ಮಲ್ಲೇಶಪ್ಪ?"

ಮಲ್ಲೇಶಪ್ಪ ತಲೆ ಬಗ್ಗಿಸಿ ಅಂಗಿಯ ತೋಳು ಸರಿಮಾಡಿಕೊಂಡರು. ದೊಡ್ಡಪ್ಪನ ಮನೆಯಲ್ಲಿ ಅವರು ಏನು ತಾನೇ ಅಂದಾರು?

ನಾನು ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಬರೆದದ್ದನ್ನೇ ಓದಿದ್ದರು.

ಆಗ ಬಿಂದು ಎದ್ದು ಬಂದು ವರದಿ ಕೈಗೆತ್ತಿಕೊಂಡಳು. ಎರಡು ಪುಟವನ್ನೂ ತಿರುವಿದಳು. ನಿಧಾನವಾಗಿ ಓದಿದಳು.

"ಅಕ್ಕ," ಎಂದಳು, "ಇದ್ರಾಗೆ ನಾನು ಎಲ್ಲಿದೀನಿ?"

"ಸವಾರ ಎರಡು," ಎಂದೆ. ಹೇಳುತ್ತಿದ್ದಂತೆ ನಾಚಿಕೆಯಾಯಿತು.

"ಆ ನಾಲ್ಕು ನಿಮಿಷ ಎಂಟು ಸೆಕೆಂಡು?"

"ಕೂಡಿಸಿಬಿಟ್ಟೆ."

ಅವಳು ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಎಸೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂಚು ಸರಿಮಾಡಿ ಇಟ್ಟಳು. "ಇವ್ರು ಹಿಂಗೇ ಮಾಡ್ತಾರೆ ಅಂತ ನಂಗೆ ಗೊತ್ತಿತ್ತು," ಎಂದಳು. "ನೀವು ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ."

ದೊಡ್ಡಮ್ಮ "ಏ ಹುಡುಗಿ!" ಎಂದರು. ಮಲ್ಲೇಶಪ್ಪ ಮಗಳ ಕೈ ಹಿಡಿದು ಎಳೆದರು. ನಾನು ಅರ್ಜಿಯನ್ನು ನನ್ನ ಕಡೆ ಎಳೆದು ವರದಿಯ ಮೇಲೆಯೇ ಇಟ್ಟುಕೊಂಡೆ. ಅದರಲ್ಲಿ ಅಧ್ಯಕ್ಷರ ಸಹಿಗೆ ಜಾಗವೇ ಇರಲಿಲ್ಲ, ತರಬೇತುದಾರರ ಸಹಿಗೆ ಇತ್ತು, ಅಂದರೆ ನನ್ನದಕ್ಕೆ. ಸ್ಪರ್ಧಿಯ ಹೆಸರು ಎಂಬಲ್ಲಿ ದಪ್ಪ ಅಕ್ಷರದಲ್ಲಿ ಬಿಂದು ಮಲ್ಲೇಶಪ್ಪ ಎಂದು ಬರೆದೆ. ಎಷ್ಟು ಒತ್ತಿ ಬರೆದೆನೆಂದರೆ ಪೆನ್ನು ಕಾಗದ ಹರಿದು ಕೆಳಗಿನ ವರದಿಯ ಮೇಲೂ ಗೀಚಿತು. ಸಹಿ ಮಾಡಿದೆ.

"ಇದು ಸರಿ ಅಲ್ಲ ನಯನಾ," ಎಂದರು ದೊಡ್ಡಪ್ಪ. ನಗು ಮೊದಲ ಬಾರಿಗೆ ಹೋಗಿತ್ತು. "ಹಲ್ಗೆ ನಾನು ಕೊಡಿಸಿದ್ದು."

"ಹೌದು. ವಾಪಸ್ ತಗಳ್ರಿ. ಎರಡನ್ನೂ. ವಿಭೂತಿ ಹಚ್ಚಿ ನಡುಮನೆಯಾಗೆ ನಿಲ್ಲಿಸ್ಕಳ್ರಿ. ಅಷ್ಟು ಚಲೋ ಹಲ್ಗೆ ಅಂದ್ರೆ ತಾನೇ ಹೋಗಿ ಗೆದ್ದು ಬರ್ಲಿ!"

"ಮನೆ ಹೆಣ್ಮಗಳಾಗಿ ಹೊರಗಿನೋರ ಮುಂದೆ ಹಿಂಗೆ ಮಾತಾಡ್ತೀಯ?"

"ನಾಲ್ಕು ನಿಮಿಷ ಎಂಟು ಸೆಕೆಂಡು, ದೊಡ್ಡಪ್ಪ," ಎಂದೆ. "ಬಿಂದು. ಬಾಯಲ್ಲಿ ಒಂದು ಸಲ ಅನ್ರಿ. ಒಂದೇ ಸಲ."

ಅವರು ಅನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೂಜಾ ಅಂದಳು. ಮೆತ್ತಗೆ, ತಾತನ ಮುಖ ನೋಡದೆ, "ಬಿಂದು. ನಾಲ್ಕು ಎಂಟು," ಎಂದಳು. ದೊಡ್ಡಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು.

ನಾವು ಮೂವರೂ ಹೊರಗೆ ಬಂದೆವು. ಬೀದಿಯಲ್ಲಿ ಮಂಡಕ್ಕಿ ಗಾಡಿಯವರು ಆಗ ತಾನೇ ಒಗ್ಗರಣೆ ಹಾಕುತ್ತಿದ್ದರು. ಮಲ್ಲೇಶಪ್ಪ ಚಪ್ಪಲಿ ಮೆಟ್ಟುತ್ತ, "ಈಗ ಯಾವುದರ ಮ್ಯಾಲೆ ಹೋಗ್ತಾಳ್ರಿ ಇವಳು?" ಎಂದು ಕೇಳಿದರು.

"ಕರಾವಳಿಯಲ್ಲಿ ಗೊತ್ತಿರೋರು ಇದಾರೆ. ಉದ್ದನೆ ಹಲ್ಗೆ ಒಂದು ಕೇಳ್ತೀನಿ. ಕೊಡ್ತಾರೆ," ಎಂದೆ. ತಪ್ಪು ತಿದ್ದಿಕೊಳ್ಳುವ ಆತುರ ನನಗೆ. "ಸಿಗದಿದ್ರೆ ನಮ್ಮ ಗಾಳಿ ಹಲ್ಗೆಯೇ ಗತಿ. ಅದು ಅರ್ಧ ನಿಮಿಷ ಹಿಂದೆ ಬೀಳ್ತದೆ ಬಿಂದು. ಅದಕ್ಕೇ ಹೆಂಗಾದ್ರೂ ಮಾಡಿ..."

"ಕೇಳಬ್ಯಾಡ್ರಿ," ಎಂದಳು ಬಿಂದು.

ನಾನು ಅವಳ ಕಡೆ ತಿರುಗಿದೆ. ಇಷ್ಟು ಹೊತ್ತು ಸಿಟ್ಟೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳ ಮುಖ ನೋಡಿದ ಮೇಲೆ ನನ್ನದು ಏನೂ ಅಲ್ಲ ಅನ್ನಿಸಿತು.

"ಗಾಳಿದೇ ಇರ್ಲಿ," ಎಂದಳು. "ಅದ್ರ ಮ್ಯಾಲೆ ಸೋತ್ರೆ ನಾನೇ ಸೋತೆ ಅನ್ಲಿ. ಗೆದ್ರೆ, ಹಲ್ಗೆ ಗೆದ್ದಿತು ಅನ್ನಾಕೆ ಯಾರಿಗೂ ಬಾಯಿ ಇರಬಾರ್ದು."