ಊದದ ಕಹಳೆ

“ಇದೂ ಗುಂಡಿ ಒತ್ತಿದ್ರೆ ತಾನಾಗೇ ಹಾಡೋದಾ, ಮಗಳೇ?”

ಸಮವಸ್ತ್ರದ ಕೊರಿನ್ ಸ್ಕಾಲಾಳ ಕಂಕುಳಲ್ಲಿದ್ದ ಕಹಳೆಯನ್ನು ಮುದುಕಿ ಊರುಗೋಲಿನಿಂದ ತೋರಿಸಿದಳು. ಆಕೆಯ ಗಂಡನ ಶವಪೆಟ್ಟಿಗೆ ಇನ್ನೂ ಚರ್ಚಿನೊಳಗಿತ್ತು. ಸ್ಮಶಾನದ ಬೇಲಿಯಾಚೆ ನೆಬ್ರಾಸ್ಕಾದ ಜೋಳದ ಹೊಲ ಕೂಳೆಗಳನ್ನು ಹೊತ್ತು ಹಿಮದಲ್ಲಿ ಮಲಗಿತ್ತು.

“ಹೋದ ತಿಂಗಳು ಇವರ ಹಳೇ ಪಟಾಲಮ್ಮಿನ ಗೆಳೆಯ ತೀರ್ಕೊಂಡ್ರು. ಬಂದಿದ್ದ ಸೈನಿಕ ಕಹಳೆ ಕೆಳಗಿಳಿಸಿದ್ಮೇಲೂ ಅದು ಹಾಡ್ತಾನೇ ಇತ್ತು! ಇವರು ನಕ್ಕೂ ನಕ್ಕೂ ಕೆಮ್ಮಿದ್ರು. ‘ಲೋರ್ನಾ, ನನ್ನನ್ನ ಮಾತ್ರ ಟೇಪ್ ರೆಕಾರ್ಡರ್ ಹಾಕಿ ಕಳಿಸ್ಬೇಡ ಕಣೇ’ ಅಂದಿದ್ರು.”

ಕೊರಿನ್ ಕಹಳೆಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡಳು. ಕಹಳೆಯ ಬಾಯಿಯೊಳಗೆ ಲೋಟದಷ್ಟು ದೊಡ್ಡ ಯಂತ್ರವೊಂದು ಕೂತಿತ್ತು. ಮಾಜಿ ಸೈನಿಕರ ಶವಸಂಸ್ಕಾರಕ್ಕೆಲ್ಲ ಊದಬಲ್ಲ ಸೈನಿಕರು ಸಾಲದೆ ಬಂದ ಏರ್ಪಾಡು ಅದು. ಗುಂಡಿ ಒತ್ತಿ, ತುಟಿಗಿಟ್ಟು, ಕೆನ್ನೆ ಉಬ್ಬಿಸಿ ನಿಂತರಾಯಿತು. ಎರಡು ವರ್ಷದಿಂದ ಅವಳು ಹಾಗೆಯೇ ನಿಂತಿದ್ದಳು. ಅಂತ್ಯಸಂಸ್ಕಾರದ ತಂಡದಲ್ಲಿ ಇರುವವರೆಗೆ ಸೈನ್ಯವೇ ಅವಳ ಕಾಲೇಜಿನ ಸಾಲದ ಕಂತು ಕಟ್ಟುತ್ತಿತ್ತು. ಸಂಗೀತದ ಕಾಲೇಜು. ಊದುವುದನ್ನು ಕಲಿಯಲು ಮಾಡಿದ ಸಾಲವನ್ನು ಅವಳು ಊದದೆ ತೀರಿಸುತ್ತಿದ್ದಳು.

ಓದಿದ್ದು ಸಂಗೀತವೆಂದು ತಂಡದಲ್ಲಿ ಯಾರಿಗೂ ಹೇಳಿರಲಿಲ್ಲ. ಸೈನ್ಯದ ಬ್ಯಾಂಡಿನ ಆಯ್ಕೆಯಲ್ಲಿ ಎತ್ತರದ ಸ್ವರವೊಂದು ತುಟಿಯಲ್ಲೇ ಒಡೆದುಹೋದ ದಿನದಿಂದ ಆ ಮಾತೇ ಬೇಡವಾಗಿತ್ತು. ತನ್ನ ಸ್ವಂತ ತುತ್ತೂರಿಯನ್ನು ಮಾರಿಬಿಟ್ಟಳು. ಆದರೆ ಅದರ ತುದಿಯಲ್ಲಿ ತುಟಿಗಿಡುವ ಹಿತ್ತಾಳೆಯ ತುಂಡನ್ನು ಉಳಿಸಿಕೊಂಡಿದ್ದಳು. ಹೊಲಗಳ ನಡುವಿನ ರಸ್ತೆಯಲ್ಲಿ ಕಾರು ಓಡಿಸುವಾಗ ಕಿಟಕಿ ಏರಿಸಿ ಅದೊಂದನ್ನೇ ಊದುವಳು. ತುಟಿ ಇನ್ನೂ ತನ್ನದೆಂಬುದು ಅವಳಿಗೆ ಗೊತ್ತಿತ್ತು.

“ಇಲ್ಲಮ್ಮ,” ಎಂದಳು. “ನಾನೇ ಊದ್ತೀನಿ.”

ವ್ಯಾನಿನ ಬಳಿ ಕೈಗವಸು ತೊಡುತ್ತಿದ್ದ ಸಾರ್ಜೆಂಟ್ ಟಿಬ್ಬೆಟ್ಸ್‌ಗೆ ಅದು ಕೇಳಿಸಿತು. ಮುದುಕಿ ಚರ್ಚಿನತ್ತ ಹೋಗುವವರೆಗೆ ತಡೆದುಕೊಂಡು ಹತ್ತಿರ ಬಂದ.

“ತಲೆ ಕೆಟ್ಟಿದ್ಯಾ ಸ್ಕಾಲಾ? ನಿನಗೆಲ್ಲಿಂದ ಬರುತ್ತೆ ಊದೋಕೆ?”

“ನಾಲ್ಕು ವರ್ಷ ಅದನ್ನೇ ಓದಿದ್ದು, ಸಾರ್ಜೆಂಟ್.”

“ಮತ್ತೆ ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನೀವು ಕೊಟ್ಟ ಯಂತ್ರಾನೇ.”

ಅವನು ನಗಲಿಲ್ಲ. “ನೋಡು, ಸತ್ತೋರನ್ನ ಎರಡು ಸಲ ಮಣ್ಣು ಮಾಡಕ್ಕಾಗಲ್ಲ. ಸ್ವರ ಒಡೆದ್ರೆ ಆಯಮ್ಮನ ಕಿವೀಲಿ ಸಾಯೋ ತನಕ ಅದೇ ಇರುತ್ತೆ. ಮೇಲಿನೋರು ನಿನ್ನ ತಂಡದಿಂದ ಕಿತ್ತು ಬಿಸಾಕ್ತಾರೆ. ಆಮೇಲೆ ನಿನ್ನ ಸಾಲ ನಾನು ಕಟ್ಲಾ?”

“ಒಡೆಯಲ್ಲ.”

“ಈ ಚಳೀಲಿ?”

“ಈ ಚಳೀಲೇ.”

ಅವನು ಕೈಗವಸು ಕಳಚಿದ. ಆಮೇಲೆ ಅಂಗೈ ಚಾಚಿದ. ಅವಳು ಯಂತ್ರವನ್ನು ಎಳೆದು ತೆಗೆದು ಅವನ ಕೈಗಿಟ್ಟಳು.

ಹೊರಗೆ ಗುಣಿಯ ಬಳಿಯ ಪ್ರಾರ್ಥನೆ ಮುಗಿದಾಗ ಕೊರಿನ್ ಗೋರಿಗಳಿಂದಾಚೆ ಒಂಟಿ ಮರದ ಕೆಳಗೆ ನಿಂತಿದ್ದಳು. ಮುಷ್ಟಿಯಲ್ಲಿ ಬೆಚ್ಚಗಿಟ್ಟುಕೊಂಡಿದ್ದ ಹಿತ್ತಾಳೆಯ ತುಂಡನ್ನು ಕಹಳೆಗೆ ಸಿಕ್ಕಿಸಿ ತುಟಿಗಿಟ್ಟಳು. ಮೊದಲ ಸ್ವರ ಹೊರಟಿತು, ದುಂಡಗೆ, ಆತುರವಿಲ್ಲದೆ. ಎರಡನೆಯದು ಅದರ ಹೆಗಲ ಮೇಲೆ ಕೈಯಿಟ್ಟಂತೆ ಬಂತು. ರಾಗ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. ಎತ್ತರದ ಸ್ವರ ಎದುರಾದಾಗ ಅವಳು ಹೆದರಿ ಅವಸರ ಮಾಡಲಿಲ್ಲ. ಅದು ತೆಳ್ಳಗಾಯಿತು, ಒಮ್ಮೆ ನಡುಗಿತು. ಅವಳು ಉಸಿರನ್ನು ಅದರ ಕೆಳಗೆ ಹಾಗೆಯೇ ಹಿಡಿದಳು. ಸ್ವರ ಒಡೆಯದೆ ನಿಂತಿತು. ಆಮೇಲೆ ಇಳಿಯುವುದಷ್ಟೇ ಉಳಿದಿತ್ತು.

ಕೊರಿನ್ ಮರಳಿ ಬಂದು, ಶವಪೆಟ್ಟಿಗೆಗೆ ಹೊದಿಸಿದ್ದ ಬಾವುಟವನ್ನು ಸಾರ್ಜೆಂಟ್ ಜೊತೆ ಮಡಿಸಿದಳು. ಸಾರ್ಜೆಂಟ್ ಮೊಣಕಾಲೂರಿ ಅದನ್ನು ಮುದುಕಿಯ ಮಡಿಲಿಗಿಟ್ಟು ದೇಶದ ಪರವಾಗಿ ಹೇಳಬೇಕಾದ ಮಾತು ಹೇಳಿದ. ಆಕೆ ಅವನ ಭುಜದ ಮೇಲಿಂದ ಕೊರಿನ್‌ಳನ್ನು ನೋಡುತ್ತಿದ್ದಳು.

“ಕೊಲಾಚೆ ಬನ್ನು ಮಾಡ್ಸಿದೀನಿ,” ಎಂದಳು. “ಇಬ್ರೂ ತಿಂದ್ಕೊಂಡೇ ಹೋಗ್ಬೇಕು.”

ವ್ಯಾನಿನ ಬಳಿ ಟಿಬ್ಬೆಟ್ಸ್ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. “ನಾಳೆ ಇನ್ನೊಂದು ಮಣ್ಣಿದೆ.”

“ಗೊತ್ತು.”

“ಯಂತ್ರ ಕೆಟ್ಟಿದೆ ಅಂತ ಬರೀತೀನಿ. ರಿಪೇರಿಗೆ ತುಂಬಾ ದಿನ ಹಿಡಿಯುತ್ತೆ ಅವಕ್ಕೆ.” ಅವನು ಬನ್ನಿನ ವಾಸನೆ ಬರುತ್ತಿದ್ದ ಕಡೆಗೆ ನಡೆದ.

ಕೊರಿನ್ ಕಹಳೆಯನ್ನು ಬೋರಲು ಮಾಡಿ ಮೆಲ್ಲಗೆ ಅಲುಗಿಸಿದಳು. ಒಳಗೆ ನೀರಾಗಿದ್ದ ಉಸಿರು ಹನಿಹನಿಯಾಗಿ ಹಿಮದ ಮೇಲೆ ಬಿತ್ತು. ಬಿದ್ದ ಕಡೆ ಸಣ್ಣ ಗುಳಿಯಾಗಿ, ಅಡಿಯ ಹುಲ್ಲು ಕಾಣಿಸಿತು.