ಮಹಾಂತಮ್ಮ ಪಟ್ಟಾ ಹತ್ತಿದ್ದು

ಮಾನ್ವಿಯ ಅಕ್ಕಿ ಗಿರಣಿ ಜಂಬಣ್ಣನ ಮನೆಯಲ್ಲಿ ಎಲ್ಲರೂ ಸೇರಿ ಅವನ ಹೆಂಡತಿ ಮಹಾಂತಮ್ಮನ ಎದೆನೋವಿಗೆ ಒಂದು ಹೆಸರಿಟ್ಟಿದ್ದರು: ಗ್ಯಾಸ್. ಗೂಗಲ್ ಎಂಬ ಊರಿನಲ್ಲಿ ಹೊಳೆಯಿಂದ ಅಲ್ಲಮಪ್ರಭುವಿನ ಗುಡಿಗೆ ಹತ್ತುವಾಗ ಎದೆ ಹಿಡಿದುಕೊಂಡಿತು, ಕೂತರೆ ಬಿಟ್ಟಿತು, ಗ್ಯಾಸ್. ಮಾಳಿಗೆಗೆ ಹಪ್ಪಳ ಒಯ್ಯುವಾಗ ಹಿಡಿಯಿತು, ಅದೂ ಗ್ಯಾಸ್. ಜೀರಿಗೆ ಕಷಾಯ ಕುಡಿಸಿದರು, ಸೋಡಾ ಕುಡಿಸಿದರು. ಊರ ದವಾಖಾನೆಯಲ್ಲಿ ಮಲಗಿಸಿ ಇಸಿಜಿ ತೆಗೆಸಿದರೆ ಅದೂ ಸರಿಯಾಗಿಯೇ ಬಂತು. ಮನೆಮಂದಿಗೆ ಇನ್ನೇನು ಬೇಕು, ಆಕೆಯ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟರು.

ಆದರೆ ಮಹಾಂತಮ್ಮ ಸುಮ್ಮನಾಗುವ ಹೆಂಗಸಲ್ಲ. ಆಕೆಯ ಅಕ್ಕ ಹೀಗೇ ಗ್ಯಾಸ್ ಅನ್ನಿಸಿಕೊಳ್ಳುತ್ತಲೇ ಒಂದು ದಿನ ಒಲೆಯ ಮುಂದೆ ಕುಸಿದು ತೀರಿಕೊಂಡಿದ್ದಳು. "ನನ್ನೂ ಹಂಗ ಕಳಿಸ್ಬೇಕಂತ ಮಾಡೀರೇನು? ರಾಯಚೂರಿಗೆ ನಡ್ರಿ," ಎಂದು ಹಠ ಹಿಡಿದು ಗಂಡನನ್ನು ಹೊರಡಿಸಿದಳು.

ರಾಯಚೂರಿನ ಹೃದಯದ ಡಾಕ್ಟರು ಆಕೆಯ ಮಾತನ್ನು ಪೂರ್ತಿ ಕೇಳಿದರು. "ಕುಂತಾಗ ಇಲ್ಲ, ಏರಾಗ ಬರ್ತದ ಅಂದ್ರ, ನಡೆಸೇ ನೋಡ್ಬೇಕ್ರೀ," ಎಂದು ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯಲು ಹೇಳಿದರು.

ಎದೆಗೆ ತಂತಿ ಅಂಟಿಸಲು ಬಂದ ನರ್ಸ್ ಹುಮೇರಾ, ಕೊರಳಲ್ಲಿದ್ದ ಇಷ್ಟಲಿಂಗ ಕಂಡು ಕೈ ತಡೆದಳು. ತೆಗೆಯಿರಿ ಅನ್ನಲು ಆ ಹುಡುಗಿಗೆ ಸಂಕೋಚ. ಮಹಾಂತಮ್ಮನೇ ಅದನ್ನು ರಟ್ಟೆಗೆ ಕಟ್ಟಿಕೊಂಡಳು. "ಮೈ ಬಿಟ್ಟು ಹೋಗಬಾರದಷ್ಟ, ತಂಗಿ. ನೀ ಅಂಟಸು."

ಟ್ರೆಡ್‌ಮಿಲ್ಲಿನ ಪಟ್ಟಾ ಚಾಲೂ ಆಯಿತು. ಮೊದಲು ನಿಧಾನ, ಆಮೇಲೆ ಜೋರು, ಜೊತೆಗೆ ಏರು. ಮಹಾಂತಮ್ಮ ಏದುಸಿರು ಬಿಡತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಜಂಬಣ್ಣನಿಗೆ ಕಂಡದ್ದು ಎರಡೇ: ಹೆಂಡತಿಯ ಬೆವರಿದ ಮುಖ, ಆಕೆಯ ಕಾಲಡಿ ಓಡುವ ಪಟ್ಟಾ. ಗಿರಣಿಯಲ್ಲಿ ಪಟ್ಟಾದ ಹತ್ತಿರ ಯಾರಾದರೂ ಮುಖ ಕಿವುಚಿದರೆ ಸಾಕು, ಮೊದಲು ಕೆಂಪು ಗುಂಡಿ, ಆಮೇಲೆ ಮಾತು. ಆ ರೂಢಿ ಅವನ ಕೈಗೆ ಅಂಟಿತ್ತು. ಒಳಗೆ ನುಗ್ಗಿದವನೇ ಯಂತ್ರದ ಕೆಂಪು ಗುಂಡಿ ಒತ್ತಿ ಪಟ್ಟಾ ನಿಲ್ಲಿಸಿಬಿಟ್ಟ.

ಡಾಕ್ಟರು ದಂಗಾದರು. "ಏನ್ರೀ ಇದು! ಇಲ್ಲಿತನಕ ಏನೂ ಕಂಡಿಲ್ಲ, ಖರೆ. ಆದ್ರ ಎದಿಬಡಿತ ಏರ್ಬೇಕಾದಷ್ಟು ಏರಿಲ್ಲ. ಇಷ್ಟರ ಮ್ಯಾಲ ಏನೂ ಹೇಳಾಕ ಬರಂಗಿಲ್ಲ."

ಜಂಬಣ್ಣನ ಕಿವಿಗೆ ಬಿದ್ದದ್ದು ತನಗೆ ಬೇಕಾದಷ್ಟೇ. "ಏನೂ ಕಂಡಿಲ್ಲಂತ. ನಡಿ ಮನಿಗೆ."

ಮಹಾಂತಮ್ಮನಿಗೆ ರೇಗಿಹೋಯಿತು. "ನಾ ನಿಲ್ಸಂದ್ನೇನು? ಗಿರಣಿ ನಿಮ್ದು, ಅಲ್ಲಿ ಒತ್ರಿ ಗುಂಡಿ. ಎದಿ ನಂದು. ಹೊರಗ ನಡ್ರಿ!"

"ನಿನಗೇನರ ಆದೀತಂತ ಹೆದರಿದ್ನಲೇ..."

"ಹೆದರಿಕಿ ನನಗೂ ಅದ. ಅದಕ್ಕಾ ಹತ್ತೀನಿ."

ಜಂಬಣ್ಣ ಹೊರಗೆ ಹೋದ. ಡಾಕ್ಟರು ಆಕೆಯನ್ನು ಚೆನ್ನಾಗಿ ದಣಿವಾರಿಸಿಕೊಳ್ಳಲು ಬಿಟ್ಟು, ನಾಡಿ ನೋಡಿ, ಮತ್ತೆ ಪಟ್ಟಾ ಹತ್ತಿಸಿದರು. ಈ ಸಲ ಮಹಾಂತಮ್ಮ ಹಲ್ಲು ಕಚ್ಚಿ ನಡೆದಳು. ಮೊದಲ ಸಲ ನಿಂತಿದ್ದ ಹಂತ ದಾಟಿತು. ಇನ್ನೊಂದಿಷ್ಟು ಏರು ಹೆಚ್ಚಿದಾಗ ಎದೆಯ ನಡುವೆ ಅದೇ ಕಲ್ಲು ಹೇರಿದಂಥ ಭಾರ.

"ಬಂತ್ರೀ! ಇದಾ ನೋವು!" ಎಂದು ಕೂಗಿದಳು. ಅಷ್ಟರಲ್ಲಿ ಪರದೆಯ ಮೇಲಿನ ಇಸಿಜಿ ಗೆರೆ ತಗ್ಗಿದ್ದನ್ನು ಕಂಡ ಡಾಕ್ಟರು ಯಂತ್ರ ನಿಲ್ಲಿಸಿದ್ದರು. ಮಲಗಿಸಿ ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ನೋವು ಇಳಿಯಿತು. ತಾನು ಹೇಳಿದ್ದು ಸುಳ್ಳಲ್ಲ ಎಂಬ ಸಮಾಧಾನಕ್ಕೆ ಆಕೆಯ ಕಣ್ಣು ತುಂಬಿ ಬಂತು.

ಜಂಬಣ್ಣನನ್ನು ಒಳಗೆ ಕರೆಸಿದ ಡಾಕ್ಟರು ಅವನ ಕಡೆಗೇ ತಿರುಗಿ, "ನೋಡ್ರಿ ಯಜಮಾನ್ರ, ಇವರಿಗೆ..." ಎಂದು ಶುರುಮಾಡಿದರು.

ಮಹಾಂತಮ್ಮ ಮೊಣಕೈ ಊರಿ ಎದ್ದಳು. "ನಡದಾಕಿ ನಾ ಅದೀನ್ರೀ. ನನಗ ಹೇಳ್ರಿ."

ಡಾಕ್ಟರು ಆಕೆಯತ್ತ ಕುರ್ಚಿ ಎಳೆದುಕೊಂಡರು. "ದಣಿದಾಗ ನಿಮ್ಮ ಹೃದಯಕ್ಕ ರಕ್ತ ಸಾಲಾಕತ್ತಿಲ್ಲ ಅಂತ ಕಾಣ್ತದವ್ವಾ. ರಕ್ತನಾಳ ಎಲ್ಲಿ ಕಟ್ಟ್ಯಾದ ಅಂತ ಆಂಜಿಯೋಗ್ರಾಂ ಮಾಡಿ ನೋಡ್ಬೇಕು. ತಡ ಮಾಡಬ್ಯಾಡ್ರಿ."

ಜಂಬಣ್ಣನ ಮುಖ ಬಿಳಚಿಕೊಂಡಿತ್ತು. "ಮನ್ಯಾಗ ಎಲ್ಲಾರ್ನೂ ಒಂದ್ ಮಾತ್ ಕೇಳಿ ಹೇಳ್ತೀವ್ರೀ," ಎಂದ.

"ಯಾರ್ನೂ ಕೇಳಾದಿಲ್ಲ," ಅಂದಳು ಮಹಾಂತಮ್ಮ. "ನಾಳಿಗೇ ಮಾಡ್ರಿ."